ಸೇನಾ ಹೆಲಿಕಾಪ್ಟರ್‌ಗಳ ದೋಷಸಹಿಷ್ಣು ಸಂಯೋಜಿತ ಪಥನಿರ್ದೇಶನ ವ್ಯವಸ್ಥೆ

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭಾ ನದಿ ಉಕ್ಕಿ ಹರಿದು ರಾಮದುರ್ಗ ತಾಲ್ಲೂಕಿನ ಹಲವು ಗ್ರಾಮಗಳು ಜಲಾವೃತಗೊಂಡವು. ಬೆಳಗಾವಿ ಜಿಲ್ಲೆಯ ರಕ್ಷಣಾಕಾರ್ಯದಲ್ಲಿ ಆ ದಿನಗಳಲ್ಲಿ ಸೇನಾ ಹೆಲಿಕಾಪ್ಟರ್‌ಗಳೂ ಪಾಲ್ಗೊಂಡವು. ಇಂಥ ಹಾರಾಟದ ಕಷ್ಟ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ರಸ್ತೆ, ಸೇತುವೆ, ಹೊಲದ ಬದು, ಹಳ್ಳದ ತಿರುವು ಮೊದಲಾದ ನೆಲದ ಗುರುತುಗಳು ಮಣ್ಣುನೀರಿನಡಿ ಮರೆಯಾಗಿ, ಮೇಲಿನಿಂದ ಮೋಡವೂ ತಗ್ಗಿಗೆ ಇಳಿದಿರುವಾಗ, ಪೈಲಟನಿಗೆ ಉಳಿಯುವ ಆಧಾರವೆಂದರೆ ಕಾಕ್‌ಪಿಟ್ಟಿನ ಪರದೆ ತೋರಿಸುವ ಅಂಕಿಗಳು. ತಾನು ಎಲ್ಲಿದ್ದೇನೆ, ಯಾವ ಕಡೆ ಎಷ್ಟು ವೇಗದಲ್ಲಿ ಸರಿಯುತ್ತಿದ್ದೇನೆ, ಕೆಳಗಿನ ನೆಲ ಎಷ್ಟು ದೂರದಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೂ ಆ ಅಂಕಿಗಳೇ ಉತ್ತರ. ಅವುಗಳಲ್ಲಿ ಒಂದು ತಪ್ಪಾದಾಗ ಅದು ತಪ್ಪೆಂದು ಯಂತ್ರವೇ ಹೇಗೆ ಅರಿಯಬೇಕು, ಅರಿತು ಏನು ಮಾಡಬೇಕು ಎಂಬುದು ದೋಷಸಹಿಷ್ಣು ಪಥನಿರ್ದೇಶನದ ಮೂಲಪ್ರಶ್ನೆ.

ಬೆಳಗಾವಿಯ ಸಾಂಬ್ರಾ ವಿಮಾನನೆಲೆಯಿಂದ ರಾಮದುರ್ಗ ಸೀಮೆಯ ಸಾಲಹಳ್ಳಿಯಂಥ ಊರಿಗೆ ಒಂದು ಹೆಲಿಕಾಪ್ಟರ್ ಹೊರಟಿತೆಂದು ಭಾವಿಸಬಹುದು. ಆಕಾಶಮಾರ್ಗದ ನೇರ ದೂರ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಗಂಟೆಗೆ 210 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷದ ಪಯಣ. ಹೆಲಿಕಾಪ್ಟರಿನಲ್ಲಿರುವ ಜಡತ್ವ ಪಥನಿರ್ದೇಶಕವು ಹೊರಗಿನ ಯಾವ ಸಂಕೇತವನ್ನೂ ಬೇಡದೆ, ವೇಗೋತ್ಕರ್ಷವನ್ನು ಅಳೆದು ಅದರಿಂದ ವೇಗವನ್ನೂ ವೇಗದಿಂದ ಸ್ಥಾನವನ್ನೂ ಲೆಕ್ಕಹಾಕುತ್ತದೆ. ಉತ್ತಮ ದರ್ಜೆಯ ಉಪಕರಣದಲ್ಲಿಯೂ ಈ ಲೆಕ್ಕ ಗಂಟೆಗೆ ಸುಮಾರು ಒಂದು ನಾವಿಕ ಮೈಲಿಯಷ್ಟು, ಎಂದರೆ 1.85 ಕಿ.ಮೀ.ನಷ್ಟು ಜಾರುತ್ತದೆ. ಇಪ್ಪತ್ತು ನಿಮಿಷದ ಕೊನೆಗೆ ಅದು ಊರನ್ನು ಆರುನೂರು ಮೀಟರ್ ಪಕ್ಕಕ್ಕೆ ತೋರಿಸಿದರೆ ಆ ಉಪಕರಣ ಕೆಟ್ಟಿದೆಯೆಂದು ಅರ್ಥವಲ್ಲ. ಅದು ತನ್ನ ಸ್ವಭಾವದಂತೆ ನಡೆದುಕೊಂಡಿದೆ ಎಂದಷ್ಟೇ ಅರ್ಥ. ಸಹಜವಾದ ಜಾರಿಕೆಯನ್ನು ದೋಷದಿಂದ ಬೇರ್ಪಡಿಸುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ಈ ಆರುನೂರು ಮೀಟರಿನ ಲೆಕ್ಕವನ್ನು ಮುಂದೆ ಮತ್ತೊಮ್ಮೆ ನೆನೆಯಬೇಕಾಗುತ್ತದೆ.

ಸಂಯೋಜನೆಯ ತತ್ತ್ವ

ಉಪಗ್ರಹ ಆಧಾರಿತ ಜಿಪಿಎಸ್‌ನ ಸ್ವಭಾವ ಜಡತ್ವ ಉಪಕರಣದ್ದಕ್ಕೆ ತದ್ವಿರುದ್ಧವಾದುದು. ಗಂಟೆಗಳು ಕಳೆದರೂ ಅದರ ತಪ್ಪು ಹತ್ತು ಮೀಟರಿನ ಒಳಗೇ ಉಳಿಯಬಲ್ಲದು. ಆದರೆ ಕ್ಷಣಕ್ಷಣದ ಅಳತೆ ಕುಣಿಯುತ್ತದೆ, ಸಂಕೇತ ಕಡಿದರೆ ಏನೂ ಉಳಿಯುವುದಿಲ್ಲ. ಒಂದು ಅಲ್ಪಕಾಲದಲ್ಲಿ ನಂಬಿಕಸ್ಥ, ಇನ್ನೊಂದು ದೀರ್ಘಕಾಲದಲ್ಲಿ. ಎರಡನ್ನೂ ಕೂಡಿಸುವ ಗಣಿತವನ್ನು ಆರ್. ಇ. ಕಾಲ್ಮನ್ 1960ರಲ್ಲಿ ಪ್ರಕಟಿಸಿದರು. ಕಾಲ್ಮನ್ ಫಿಲ್ಟರ್ ಎಂದೇ ಹೆಸರಾದ ಈ ವಿಧಾನದಲ್ಲಿ ಪ್ರತಿಯೊಂದು ಮೂಲದ ಮಾತಿಗೆ ಅದರ ಅನಿಶ್ಚಿತತೆಯ ವರ್ಗಕ್ಕೆ ವಿಲೋಮವಾದ ತೂಕ ದೊರೆಯುತ್ತದೆ. ಜಡತ್ವ ಉಪಕರಣದ ಅಂದಾಜಿನಲ್ಲಿ 300 ಮೀಟರ್ ಅನಿಶ್ಚಿತತೆಯೂ ಜಿಪಿಎಸ್‌ನಲ್ಲಿ 10 ಮೀಟರ್ ಅನಿಶ್ಚಿತತೆಯೂ ಇದ್ದರೆ ಜಿಪಿಎಸ್‌ನ ಮಾತಿಗೆ 900 ಪಟ್ಟು ಹೆಚ್ಚು ತೂಕ. ಅಷ್ಟಕ್ಕೇ ನಿಲ್ಲದೆ ಫಿಲ್ಟರ್ ಜಡತ್ವ ಉಪಕರಣದ ತಪ್ಪಿನ ಜಾಡನ್ನೂ ಕಲಿತುಕೊಳ್ಳುತ್ತದೆ. ಜಿಪಿಎಸ್ ಕಡಿದಾಗ ಮುಂದಿನ ಕೆಲವು ನಿಮಿಷಗಳನ್ನು ಆ ಕಲಿಕೆಯ ಬಲದಿಂದ ದಾಟಲು ಸಾಧ್ಯವಾಗುತ್ತದೆ.

ಇವೆರಡರೊಡನೆ ಹೆಲಿಕಾಪ್ಟರಿನಲ್ಲಿ ನೆಲಕ್ಕೆ ರೇಡಿಯೊ ಅಲೆಗಳನ್ನು ಬೀರಿ ಸಾಪೇಕ್ಷ ವೇಗವನ್ನು ಅಳೆಯುವ ಡಾಪ್ಲರ್ ರೇಡಾರ್, ನೆಲದಿಂದಿರುವ ಎತ್ತರವನ್ನು ಹೇಳುವ ರೇಡಿಯೊ ಎತ್ತರಮಾಪಕ, ವಾಯುಭಾರದಿಂದ ಎತ್ತರವನ್ನು ತಿಳಿಯುವ ಉಪಕರಣ, ಕಾಂತೀಯ ದಿಕ್ಸೂಚಿ ಇತ್ಯಾದಿಗಳಿರಬಹುದು. ಎಲ್ಲವೂ ಸರಿಯಾಗಿದ್ದಾಗ ಇವುಗಳ ಸಂಯೋಜನೆ ಪ್ರತ್ಯೇಕವಾದ ಯಾವುದೇ ಉಪಕರಣಕ್ಕಿಂತ ಉತ್ತಮ ಫಲ ನೀಡುತ್ತದೆ. ಒಂದು ಕೆಟ್ಟಾಗ ಮಾತ್ರ ಸಂಯೋಜನೆಯೇ ಅಪಾಯದ ದಾರಿಯೂ ಆಗುತ್ತದೆ. ಪ್ರತ್ಯೇಕವಾಗಿದ್ದ ಉಪಕರಣ ಕೆಟ್ಟರೆ ಅದರ ಮುಳ್ಳು ಒಂದೇ ತಪ್ಪು ಹೇಳುತ್ತಿತ್ತು. ಸಂಯೋಜಿತ ವ್ಯವಸ್ಥೆಯಲ್ಲಿ ಅದರ ತಪ್ಪು ಎಲ್ಲರ ಮಾತಿನೊಳಗೂ ಬೆರೆತುಹೋಗುತ್ತದೆ.

ಹೆಲಿಕಾಪ್ಟರಿನ ವೈಶಿಷ್ಟ್ಯ

ಸ್ಥಿರರೆಕ್ಕೆಯ ವಿಮಾನಕ್ಕೆ ಸಿದ್ಧವಾದ ಪಥನಿರ್ದೇಶಕವನ್ನು ಹೆಲಿಕಾಪ್ಟರಿಗೆ ಹಾಗೆಯೇ ಜೋಡಿಸಲು ಬರುವುದಿಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ವಿನ್ಯಾಸಗೊಳಿಸಿದ ‘ಧ್ರುವ’ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಮೊದಲ ಬಾರಿಗೆ ಹಾರಿತು. ಅದೇ ವಂಶದ ಲಘು ಯುದ್ಧ ಹೆಲಿಕಾಪ್ಟರ್ 2010ರ ಮಾರ್ಚ್ 29ರಂದು ಹಾರಿ, 2022ರ ಅಕ್ಟೋಬರಿನಲ್ಲಿ ‘ಪ್ರಚಂಡ’ ಎಂಬ ಹೆಸರಿನಿಂದ ವಾಯುಪಡೆಯನ್ನು ಸೇರಿತು. ಧ್ರುವದ ನಾಲ್ಕು ಅಲಗುಗಳ ರೋಟರ್ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತದೆ. ಆದುದರಿಂದ ಒಡಲಿಗೆ ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನ ಕಂಪನ ಸತತವಾಗಿ ತಾಗುತ್ತಿರುತ್ತದೆ. ಇದನ್ನು ತಗ್ಗಿಸಲು ಗೇರ್‌ಬಾಕ್ಸ್ ಮತ್ತು ಒಡಲಿನ ನಡುವೆ ವಿಶೇಷವಾದ ಕಂಪನನಿವಾರಕ ಜೋಡಣೆಯಿದೆ. ಆದರೂ ಉಳಿಯುವ ಅಲುಗಾಟ ಗೈರೊ ಮತ್ತು ವೇಗೋತ್ಕರ್ಷಮಾಪಕಗಳಲ್ಲಿ ಸಣ್ಣದೊಂದು ಸ್ಥಿರವಾದ ತಪ್ಪಾಗಿ ಸಂಗ್ರಹವಾಗಬಲ್ಲದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎರಡು ಜಡತ್ವ ಉಪಕರಣಗಳನ್ನು ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕೂರಿಸಿದರೆ ಎರಡಕ್ಕೂ ಒಂದೇ ಕಂಪನ ತಾಗಿ ಎರಡೂ ಒಂದೇ ದಿಕ್ಕಿಗೆ ತಪ್ಪಬಹುದು. ಆಗ ಅವುಗಳ ಸಹಮತ ಸತ್ಯಕ್ಕೆ ಸಾಕ್ಷಿಯಾಗಲಾರದು.

ನಿಂತಲ್ಲೇ ತೇಲುವ ಸ್ಥಿತಿ ಇನ್ನೊಂದು ತೊಡಕು. ಗಾಳಿಯ ವೇಗವನ್ನು ಅಳೆಯುವ ಪಿಟೊ ನಳಿಕೆ ಅಲ್ಪವೇಗದಲ್ಲಿ ನಿರುಪಯುಕ್ತ. ರೋಟರ್ ಕೆಳಗೆ ದೂಡುವ ಗಾಳಿಯೇ ಅದನ್ನು ದಾರಿತಪ್ಪಿಸುತ್ತದೆ. ಪ್ರವಾಹದ ನೀರಿನ ಮೇಲೆ ಡಾಪ್ಲರ್ ರೇಡಾರಿನ ಪಾಡು ಇನ್ನೂ ವಿಚಿತ್ರವಾದುದು. ಅದು ಅಳೆಯುವುದು ತನ್ನ ಕೆಳಗಿನ ಮೇಲ್ಮೈಗೆ ಸಾಪೇಕ್ಷವಾದ ವೇಗವನ್ನು. ಕೆಳಗೆ ಹರಿಯುವ ನೀರಿದ್ದರೆ, ಊರಿನ ಮಾಳಿಗೆಯೊಂದರ ಮೇಲೆ ಅಲುಗದೆ ನಿಂತ ಹೆಲಿಕಾಪ್ಟರ್ ಪ್ರವಾಹಕ್ಕೆ ಎದುರಾಗಿ ಸರಿಯುತ್ತಿದೆಯೆಂದು ಅದು ವರದಿ ಮಾಡುತ್ತದೆ. ಸ್ವಯಂಚಾಲಿತ ನಿಯಂತ್ರಕ ಆ ಮಾತನ್ನು ನಂಬಿದರೆ ಹೆಲಿಕಾಪ್ಟರನ್ನು ನೀರಿನೊಡನೆ ತೇಲಿಸಿಕೊಂಡು ಹೋಗುತ್ತದೆ. ನೀರು ತೀರ ನಿಶ್ಚಲವಾಗಿದ್ದರೂ ಕಷ್ಟವೇ, ಏಕೆಂದರೆ ನುಣುಪಾದ ಮೇಲ್ಮೈಯಿಂದ ಅಲೆಗಳು ಸಾಕಷ್ಟು ಮರಳುವುದಿಲ್ಲ. ಈ ಯಾವ ಸಂದರ್ಭದಲ್ಲಿಯೂ ರೇಡಾರ್ ಕೆಟ್ಟಿರುವುದಿಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಪರೀಕ್ಷಿಸಿದರೆ ಅದು ಸಂಪೂರ್ಣ ಆರೋಗ್ಯವಾಗಿದೆಯೆಂದೇ ಪ್ರಮಾಣಪತ್ರ ದೊರೆಯುತ್ತದೆ.

ಎರಡು, ಮೂರು, ನಾಲ್ಕು

ಒಂದು ಗಡಿಯಾರವಿದ್ದವನಿಗೆ ಅದು ತಪ್ಪಿದ್ದು ತಿಳಿಯುವುದಿಲ್ಲ. ಎರಡಿದ್ದವನಿಗೆ ಯಾವುದೋ ಒಂದು ತಪ್ಪಿದೆಯೆಂದು ತಿಳಿಯುತ್ತದೆ. ಯಾವುದೆಂದು ತಿಳಿಯಲು ಮೂರು ಬೇಕು. ಬಹುಮತದಿಂದ ನಿರ್ಣಯಿಸುವ ಈ ಕ್ರಮ ವಿಮಾನ ತಂತ್ರಜ್ಞಾನದಲ್ಲಿ ಹಳೆಯದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ‘ತೇಜಸ್’ ಯುದ್ಧವಿಮಾನದ ಹಾರಾಟ ನಿಯಂತ್ರಣದಲ್ಲಿ ನಾಲ್ಕು ಸಮಾನಾಂತರ ಮಾರ್ಗಗಳಿವೆ. ಹೆಲಿಕಾಪ್ಟರಿನಲ್ಲಿ ಇಂಥ ಔದಾರ್ಯಕ್ಕೆ ಭಾರದ ಮಿತಿ ಅಡ್ಡಬರುತ್ತದೆ. ಸಿಯಾಚಿನ್‌ನ ಎತ್ತರದಲ್ಲಿ ತೆಳುವಾದ ಗಾಳಿಯಲ್ಲಿ ಹಾರುವ ಯಂತ್ರಕ್ಕೆ ಪ್ರತಿ ಕಿಲೋಗ್ರಾಮಿನ ಉಪಕರಣವೂ ಒಯ್ಯಲಾಗದೆ ಉಳಿಯುವ ಒಂದು ಕಿಲೋಗ್ರಾಮಿನ ಔಷಧ ಅಥವಾ ಆಹಾರ.

ಭಾರವನ್ನು ಉಳಿಸುವ ಸುಂದರ ಉಪಾಯವೊಂದು ಜ್ಯಾಮಿತಿಯಲ್ಲಿದೆ. ಮೂರು ಪ್ರತ್ಯೇಕ ಜಡತ್ವ ಉಪಕರಣಗಳನ್ನು ಇಟ್ಟರೆ ಮೂರು ಅಕ್ಷಗಳಿಗೆ ಮೂರರಂತೆ ಒಂಬತ್ತು ಗೈರೊಗಳು ಬೇಕು. ಅದರ ಬದಲು ಆರು ಗೈರೊಗಳನ್ನು, ಯಾವ ಮೂರನ್ನು ಆರಿಸಿದರೂ ಅವು ಒಂದೇ ಸಮತಲದಲ್ಲಿ ಬೀಳದಂತೆ ಓರೆಯಾಗಿ ಜೋಡಿಸಿದರೆ, ಯಾವುದೇ ಮೂರರಿಂದ ಪೂರ್ಣ ಭ್ರಮಣವನ್ನು ಲೆಕ್ಕಹಾಕಬಹುದು. ಉಳಿದವು ಪರಸ್ಪರ ಪರೀಕ್ಷೆಗೆ ಒದಗುತ್ತವೆ. ನಾಲ್ಕಿದ್ದರೆ ದೋಷವಿದೆಯೆಂದು ತಿಳಿಯುತ್ತದೆ, ಐದಿದ್ದರೆ ದೋಷ ಯಾವುದರಲ್ಲಿದೆಯೆಂದೂ ತಿಳಿಯುತ್ತದೆ. ಆರರಿಂದ ಆರಂಭಿಸಿದ ವ್ಯವಸ್ಥೆ ಒಂದೊಂದಾಗಿ ಬರುವ ಎರಡು ದೋಷಗಳನ್ನು ಗುರುತಿಸಿ ಕೈಬಿಟ್ಟು, ಮೂರನೆಯದು ಬಂದಾಗ ಎಚ್ಚರಿಕೆಯನ್ನಾದರೂ ನೀಡಬಲ್ಲದು.

ಕಾಗದದ ಮೇಲೆ ಇಷ್ಟು ಸೊಗಸಾಗಿರುವುದು ಆಕಾಶದಲ್ಲಿ ಹೇಗೆ ಕೈಕೊಡಬಹುದು ಎಂಬುದಕ್ಕೆ 2005ರ ಆಗಸ್ಟ್ 1ರ ಘಟನೆ ಸಾಕ್ಷಿ. ಪರ್ತ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಬೋಯಿಂಗ್ 777 ವಿಮಾನದಲ್ಲಿದ್ದುದು ಆರು ಗೈರೊ, ಆರು ವೇಗೋತ್ಕರ್ಷಮಾಪಕಗಳ ದೋಷಸಹಿಷ್ಣು ಉಪಕರಣ. ಅದರ ಐದನೆಯ ವೇಗೋತ್ಕರ್ಷಮಾಪಕ 2001ರ ಜೂನ್ ತಿಂಗಳಿನಲ್ಲಿಯೇ ಕೆಟ್ಟಿತ್ತು. ಅದನ್ನು ಲೆಕ್ಕದಿಂದ ಹೊರಗಿಟ್ಟು ವ್ಯವಸ್ಥೆ ನಾಲ್ಕು ವರ್ಷ ನಿರಾತಂಕವಾಗಿ ನಡೆದಿತ್ತು. ಆ ದಿನ ಆರನೆಯದೂ ಕೆಟ್ಟಿತು. ತಂತ್ರಾಂಶದ ಲೋಪದಿಂದಾಗಿ ಗಣಕವು ಹೊರಗಿಟ್ಟಿದ್ದ ಐದನೆಯದರ ತಪ್ಪು ಅಂಕಿಗಳನ್ನು ಮತ್ತೆ ಬಳಸತೊಡಗಿತು. ವಿಮಾನ ಮೂತಿಯನ್ನು ಮೇಲೆತ್ತಿ ಸುಮಾರು 41,000 ಅಡಿಗೆ ಏರಿತು. ವೇಗ 158 ನಾಟ್‌ಗಳಿಗೆ ಕುಸಿಯಿತು. ವೇಗ ಹೆಚ್ಚಾಯಿತೆಂಬ ಎಚ್ಚರಿಕೆಯೂ ಕಡಿಮೆಯಾಯಿತೆಂಬ ಎಚ್ಚರಿಕೆಯೂ ಕೂಡಿಯೇ ಮೊಳಗಿದವು. ಪೈಲಟರು ಸ್ವಯಂಚಾಲನೆಯನ್ನು ಕಳಚಿ ವಿಮಾನವನ್ನು ಪರ್ತ್‌ಗೆ ಸುರಕ್ಷಿತವಾಗಿ ಮರಳಿಸಿದರು. ದೋಷವನ್ನು ಸಹಿಸುವ ಶಕ್ತಿಯೇ ದುರಸ್ತಿಯನ್ನು ಮುಂದೂಡಲು ಅವಕಾಶವಾಯಿತೆಂಬುದು ಈ ಪ್ರಕರಣದ ಕಹಿಯಾದ ಭಾಗ. ಕೆಟ್ಟ ಬಿಡಿಭಾಗವೊಂದು ಮೌನವಾಗಿ ಒಳಗೆ ಕುಳಿತಿರುವ ಯಂತ್ರವನ್ನು ಎಷ್ಟು ದಿನ ಹಾರಿಸಬಹುದು ಎಂಬುದು ವಿನ್ಯಾಸಕಾರನಷ್ಟೇ ನಿರ್ವಹಣಾ ವಿಭಾಗವೂ ಉತ್ತರಿಸಬೇಕಾದ ಪ್ರಶ್ನೆ.

ಇನ್ನೊಂದು ಬಗೆಯ ಸೋಲು 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ಟಿನ ಮೊದಲ ಉಡಾವಣೆಯಲ್ಲಿ ಕಂಡಿತು. ಅಲ್ಲಿ ಜಡತ್ವ ಉಪಕರಣಗಳು ಎರಡಿದ್ದವು, ತಂತ್ರಾಂಶ ಒಂದೇ. ಹದಿನಾರು ಬಿಟ್‌ಗಳಿಗೆ ಹಿಡಿಯದ ದೊಡ್ಡ ಅಂಕಿಯೊಂದು ಎದುರಾದೊಡನೆ ಮೀಸಲು ಉಪಕರಣವೂ ಮುಖ್ಯ ಉಪಕರಣವೂ ಕ್ಷಣಾರ್ಧದ ಅಂತರದಲ್ಲಿ ಒಂದೇ ಕಾರಣಕ್ಕೆ ನಿಂತವು. ಒಂದೇ ಬಾಯಿಂದ ಕೇಳಿ ಬಂದ ಇಬ್ಬರ ಸಾಕ್ಷಿಯನ್ನು ಊರಿನ ಪಂಚರು ಎರಡೆಂದು ಎಣಿಸುವುದಿಲ್ಲ.

ಬ್ಯಾಲಾಳುವಿನ ಪಾಠ

ಇದೇ ಮಾತಿಗೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಭಾರತದ ಪ್ರಾದೇಶಿಕ ಉಪಗ್ರಹ ಪಥನಿರ್ದೇಶನ ವ್ಯವಸ್ಥೆಯಾದ ‘ನಾವಿಕ್’ನ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾಯಿತು. ಅದೇ ವರ್ಷದ ಜುಲೈ 1ರಂದು ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಕಕ್ಷೆ ಸೇರಿತು. ಉಪಗ್ರಹದಿಂದ ದೂರವನ್ನು ಅಳೆಯುವುದೆಂದರೆ ಸಂಕೇತದ ಪಯಣದ ಕಾಲವನ್ನು ಅಳೆಯುವುದು. ಗಡಿಯಾರದಲ್ಲಿ ಒಂದು ಮೈಕ್ರೊಸೆಕೆಂಡಿನ ತಪ್ಪು ದೂರದಲ್ಲಿ 300 ಮೀಟರಿನ ತಪ್ಪು. ಆದುದರಿಂದ ಒಂದೇ ಸಾಕಾಗುವಲ್ಲಿ ಪ್ರತಿ ಉಪಗ್ರಹದಲ್ಲಿ ಮೂರು ರುಬಿಡಿಯಮ್ ಪರಮಾಣು ಗಡಿಯಾರಗಳಿದ್ದವು. 1ಎ ಉಪಗ್ರಹದಲ್ಲಿ ಆ ಮೂರೂ ನಿಂತುಹೋದವು. ಮೂರೂ ಆಮದು ಮಾಡಿಕೊಂಡ ಒಂದೇ ಮಾದರಿಯವು. ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲಿಯೂ ಗಡಿಯಾರಗಳು ಕೆಟ್ಟ ಸುದ್ದಿ 2017ರ ಜನವರಿಯಲ್ಲಿ ಪ್ರಕಟವಾಯಿತು. ಬದಲಿಯಾಗಿ ಕಳುಹಿಸಿದ 1ಎಚ್ ಉಪಗ್ರಹ 2017ರ ಆಗಸ್ಟ್ 31ರಂದು ರಾಕೆಟ್ಟಿನ ಉಷ್ಣಕವಚ ಕಳಚದೆ ನಷ್ಟವಾಯಿತು. 2018ರ ಏಪ್ರಿಲ್‌ನಲ್ಲಿ 1ಐ ಯಶಸ್ವಿಯಾಗಿ ಸ್ಥಾನ ತುಂಬಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಸ್ವದೇಶಿ ರುಬಿಡಿಯಮ್ ಗಡಿಯಾರವೂ ಇದ್ದುದು ಮಹತ್ತ್ವದ ಬದಲಾವಣೆ. ಸ್ವಾವಲಂಬನೆಯ ದೃಷ್ಟಿಯಿಂದ ಅದನ್ನು ಎಲ್ಲರೂ ಪ್ರಶಂಸಿಸಿದರು. ದೋಷಸಹಿಷ್ಣುತೆಯ ದೃಷ್ಟಿಯಿಂದ ಅದರ ಬೆಲೆ ಬೇರೆಯದು, ಒಂದೇ ಉಪಗ್ರಹದಲ್ಲಿ ಬೇರೆ ಬೇರೆ ಮೂಲದ ಗಡಿಯಾರಗಳು ಸೇರಿದವು.

2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆಯನ್ನು ತಲುಪಲಿಲ್ಲ. ಆ ವರ್ಷ ಸ್ಥಾನನಿರ್ಣಯಕ್ಕೆ ಪೂರ್ಣವಾಗಿ ಒದಗುತ್ತಿದ್ದ ನಾವಿಕ್ ಉಪಗ್ರಹಗಳು ನಾಲ್ಕಕ್ಕೆ ಇಳಿದಿದ್ದವು. ನಾಲ್ಕು ಎಂಬ ಅಂಕಿ ಇಲ್ಲಿ ಅರ್ಥಪೂರ್ಣ. ಮೂರು ದಿಕ್ಕಿನ ಸ್ಥಾನ ಮತ್ತು ಗ್ರಾಹಕದ ಕಾಲ ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಲು ನಾಲ್ಕು ಉಪಗ್ರಹ ಸಾಕು. ಆದರೆ ಅವುಗಳಲ್ಲೊಂದು ಸುಳ್ಳಾಡುತ್ತಿದೆಯೆಂದು ಸಂಶಯಪಡಲು ಐದು ಬೇಕು, ಯಾವುದೆಂದು ಬೆರಳಿಟ್ಟು ತೋರಿಸಲು ಆರು. ಕೇವಲ ನಾಲ್ಕನ್ನು ನೆಚ್ಚಿದ ಗ್ರಾಹಕ ಉತ್ತರ ಕೊಡುತ್ತದೆ, ಉತ್ತರದ ಹೊಣೆ ಹೊರುವುದಿಲ್ಲ. ಆದುದರಿಂದಲೇ ನಾವಿಕ್, ಜಿಪಿಎಸ್ ಮೊದಲಾದ ಹಲವು ವ್ಯವಸ್ಥೆಗಳ ಸಂಕೇತಗಳನ್ನು ಕೂಡಿಸಿ ಪಡೆಯುವ ಗ್ರಾಹಕ ಸೇನಾ ಬಳಕೆಯಲ್ಲಿ ಅನಿವಾರ್ಯ. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಿಂದ ನಿಯಂತ್ರಿಸಲ್ಪಡುವ ‘ಗಗನ್’ ವ್ಯವಸ್ಥೆಯು ಜಿಪಿಎಸ್‌ನ ತಪ್ಪುಗಳನ್ನು ತಿದ್ದಿ, ಉಪಗ್ರಹ ಕೆಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಿಸುತ್ತದೆ. ಇದರ ನೆರವಿನಿಂದ 2023ರಲ್ಲಿ ಜುಹುವಿನಿಂದ ಪುಣೆಗೆ ಹೆಲಿಕಾಪ್ಟರ್ ಹಾರಾಟದ ಪ್ರಾತ್ಯಕ್ಷಿಕೆಯೂ ನಡೆಯಿತು. ಶಾಂತಿಕಾಲಕ್ಕೆ ಇದು ದೊಡ್ಡ ಆಸರೆ. ಯುದ್ಧಕಾಲಕ್ಕೆ ಅಷ್ಟಾಗಿ ಅಲ್ಲ. ಉಪಗ್ರಹದ ಸಂಕೇತ ನೆಲಕ್ಕೆ ಮುಟ್ಟುವ ಹೊತ್ತಿಗೆ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಕ್ಷೀಣವಾಗಿರುತ್ತದೆ. ಅದನ್ನು ಮುಳುಗಿಸಲು ಶತ್ರುವಿಗೆ ದೊಡ್ಡ ಯಂತ್ರ ಬೇಕಿಲ್ಲ. 2022ರಿಂದ ಉಕ್ರೇನ್ ಯುದ್ಧದಲ್ಲಿ ಇದು ದಿನನಿತ್ಯದ ಸಂಗತಿಯಾಯಿತು.

ಮೆಲ್ಲಗೆ ಬರುವ ದೋಷ

ಸಂಕೇತ ಮುಳುಗಿದರೆ ಕನಿಷ್ಠಪಕ್ಷ ಅದು ಮುಳುಗಿತೆಂದು ತಿಳಿಯುತ್ತದೆ. ಥಟ್ಟನೆ ಹಾರುವ ತಪ್ಪನ್ನು ಹಿಡಿಯುವುದೂ ಸುಲಭ. ಕಾಲ್ಮನ್ ಫಿಲ್ಟರ್ ಮುಂದಿನ ಅಳತೆ ಎಷ್ಟಿರಬೇಕೆಂದು ಮೊದಲೇ ಊಹಿಸಿರುತ್ತದೆ. ಬಂದ ಅಳತೆಗೂ ಊಹೆಗೂ ಇರುವ ಅಂತರವನ್ನು ಶೇಷ ಎನ್ನುತ್ತಾರೆ. ಶೇಷ ನಿರೀಕ್ಷಿತ ಹರವಿನ ಹಲವು ಪಟ್ಟು ಮೀರಿದರೆ ಆ ಅಳತೆಯನ್ನು ತಿರಸ್ಕರಿಸಬಹುದು. ಮಿತಿಯನ್ನು ಎಲ್ಲಿಡಬೇಕೆಂಬುದು ಮಾತ್ರ ವಿವಾದದ ವಿಷಯ. ಬಿಗಿಯಾದರೆ ಸುಳ್ಳು ಎಚ್ಚರಿಕೆ ಹೆಚ್ಚಿ ಪೈಲಟನಿಗೆ ಎಚ್ಚರಿಕೆಯ ಮೇಲೆಯೇ ನಂಬಿಕೆ ಹೋಗುತ್ತದೆ. ಸಡಿಲವಾದರೆ ನಿಜವಾದ ದೋಷ ನುಸುಳುತ್ತದೆ.

ನಿಜವಾದ ಶತ್ರು ಮೆಲ್ಲಗೆ ಬೆಳೆಯುವ ತಪ್ಪು. ಯಾರೋ ನಕಲಿ ಸಂಕೇತವನ್ನು ಬೀರಿ ಜಿಪಿಎಸ್ ಸ್ಥಾನವನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ಪಕ್ಕಕ್ಕೆ ಎಳೆಯತೊಡಗಿದರೆಂದು ಭಾವಿಸಬಹುದು. ಗಂಟೆಗೆ ಒಂದು ನಾವಿಕ ಮೈಲಿಯೆಂದರೆ ಸೆಕೆಂಡಿಗೆ 0.51 ಮೀಟರ್, ಎಂದರೆ ಆರಂಭದಲ್ಲಿ ಹೇಳಿದ ಜಡತ್ವ ಉಪಕರಣದ ಸಹಜ ಜಾರಿಕೆಯಷ್ಟೇ. ಜಿಪಿಎಸ್ ಜಾರುತ್ತಿದೆಯೋ ಜಡತ್ವ ಉಪಕರಣ ಜಾರುತ್ತಿದೆಯೋ ಎಂದು ಎರಡರ ನಡುವಿನ ಅಂತರ ಮಾತ್ರದಿಂದ ತಿಳಿಯುವುದು ಕಷ್ಟ. ಜಿಪಿಎಸ್‌ಗೆ 900 ಪಟ್ಟು ತೂಕ ಕೊಟ್ಟಿರುವ ಫಿಲ್ಟರ್ ತಪ್ಪನ್ನು ಜಡತ್ವ ಉಪಕರಣದ ತಲೆಗೆ ಕಟ್ಟುತ್ತದೆ, ಸರಿಯಿದ್ದುದನ್ನು ತಪ್ಪಿಗೆ ಹೊಂದಿಸಿ ತಿದ್ದುತ್ತದೆ. ಇಪ್ಪತ್ತು ನಿಮಿಷದ ನಂತರ ಹೆಲಿಕಾಪ್ಟರ್ ಊರಿನಿಂದ ಆರುನೂರು ಮೀಟರ್ ಪಕ್ಕದಲ್ಲಿರುತ್ತದೆ. ಪರದೆಯಲ್ಲಿ ಎಲ್ಲವೂ ಹಸಿರು.

ಇದರಿಂದ ಪಾರಾಗಲು ಬೇಕಾದುದು ಬೇರೆ ಭೌತತತ್ತ್ವವನ್ನು ಆಧರಿಸಿದ ಮೂರನೆಯ ಸಾಕ್ಷಿ. ಗಂಟೆಗೆ 210 ಕಿ.ಮೀ. ವೇಗದಲ್ಲಿ ಡಾಪ್ಲರಿನ ಶೇಕಡಾ ಅರ್ಧದಷ್ಟು ತಪ್ಪೇ ಸೆಕೆಂಡಿಗೆ 0.3 ಮೀಟರ್ ಆಗುವುದರಿಂದ ಅದರ ಸಾಕ್ಷಿ ಇಲ್ಲಿ ದುರ್ಬಲ. ರೇಡಿಯೊ ಎತ್ತರಮಾಪಕದ ಅಳತೆಗಳ ಸರಣಿಯನ್ನು ಭೂನಕ್ಷೆಯ ಏರುತಗ್ಗಿನೊಡನೆ ಹೋಲಿಸುವುದು ಇನ್ನೊಂದು ಮಾರ್ಗ. ಸವದತ್ತಿಯ ಗುಡ್ಡ, ನವಿಲುತೀರ್ಥದ ಕಣಿವೆಯಂಥ ಕಡೆ ಇದು ಸ್ಥಾನವನ್ನು ನಿಖರವಾಗಿ ಹೇಳಬಲ್ಲದು. ಮಲಪ್ರಭೆಯ ಬಯಲಿನ ಎರೆಹೊಲಗಳ ಮೇಲೆ, ಅದರಲ್ಲಿಯೂ ನೀರು ಹರಡಿರುವಾಗ, ಹೋಲಿಸಲು ಏರುತಗ್ಗೇ ಇರುವುದಿಲ್ಲ. ಹೀಗೆ ಪ್ರತಿ ಸಾಕ್ಷಿಯ ಬೆಲೆಯೂ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಉಪಕರಣಗಳ ತೂಕವನ್ನು ಕಾರ್ಖಾನೆಯಲ್ಲಿಯೇ ಶಾಶ್ವತವಾಗಿ ನಿಗದಿಪಡಿಸುವ ವಿನ್ಯಾಸ ಹೆಲಿಕಾಪ್ಟರಿಗೆ ಒಗ್ಗದಿರಲು ಇದೇ ಕಾರಣ.

1980ರ ದಶಕದ ಕೊನೆಯಲ್ಲಿ ನೀಲ್ ಕಾರ್ಲ್‌ಸನ್ ರೂಪಿಸಿದ ವಿಕೇಂದ್ರಿತ ಫಿಲ್ಟರ್ ಈ ದಿಕ್ಕಿನಲ್ಲಿ ಉಪಯುಕ್ತವಾಯಿತು. ಇಲ್ಲಿ ಎಲ್ಲ ಅಳತೆಗಳನ್ನೂ ಒಂದೇ ಕಡಾಯಿಗೆ ಸುರಿಯುವುದಿಲ್ಲ. ಜಡತ್ವ ಉಪಕರಣದೊಡನೆ ಜಿಪಿಎಸ್‌ಗೊಂದು, ಡಾಪ್ಲರಿಗೊಂದು, ಭೂನಕ್ಷೆಗೊಂದು ಸ್ಥಾನಿಕ ಫಿಲ್ಟರ್ ಇರುತ್ತದೆ. ಅವುಗಳ ಫಲಿತಾಂಶಗಳನ್ನು ಮುಖ್ಯ ಫಿಲ್ಟರ್ ಕೂಡಿಸುತ್ತದೆ. ಒಂದು ಕೆಟ್ಟಿತೆಂದು ತಡವಾಗಿ ತಿಳಿದರೂ ಆ ಶಾಖೆಯನ್ನು ಕತ್ತರಿಸಿದರೆ ಉಳಿದವು ಮಲಿನವಾಗದೆ ಉಳಿದಿರುತ್ತವೆ. ಎಲ್ಲ ಶಾಖೆಗಳಿಗೂ ಜಡತ್ವ ಉಪಕರಣವೇ ಸಾಮಾನ್ಯ ಬೇರಾಗಿರುವುದು ಇದರ ಕುಂದು. ಅದಕ್ಕಾಗಿ ಲೇಸರ್ ಗೈರೊ ಆಧರಿಸಿದ ಮುಖ್ಯ ಉಪಕರಣದೊಡನೆ ಬೇರೆ ತತ್ತ್ವದ, ಅಗ್ಗವಾದ, ಹಗುರವಾದ ಇನ್ನೊಂದನ್ನು ಬೇರೆ ಜಾಗದಲ್ಲಿ ಇಡುವುದು ಸೂಕ್ತ. ಎರಡನೆಯದು ಮೊದಲನೆಯದರಷ್ಟು ನಿಖರವಾಗಿರಬೇಕಿಲ್ಲ. ಮೊದಲನೆಯದರ ದೋಷದಲ್ಲಿ ಅದು ಪಾಲುದಾರನಾಗದಿದ್ದರೆ ಸಾಕು.

ದೋಷ ಗುರುತಾದ ಮೇಲಿನ ವರ್ತನೆಯೂ ವಿನ್ಯಾಸದ ಭಾಗವೇ. ಮಾಳಿಗೆಯ ಮೇಲೆ ನಿಂತು ಜನರನ್ನು ಹಗ್ಗದಿಂದ ಎತ್ತುತ್ತಿರುವಾಗ ಡಾಪ್ಲರ್ ಒಂದು ವೇಗವನ್ನೂ ಉಪಗ್ರಹ ಇನ್ನೊಂದನ್ನೂ ಹೇಳತೊಡಗಿದರೆ, ಸ್ವಯಂಚಾಲಿತ ನಿಯಂತ್ರಕ ಯಾವುದೋ ಒಂದನ್ನು ನಂಬಿ ಥಟ್ಟನೆ ಹೆಲಿಕಾಪ್ಟರನ್ನು ಸರಿಸಬಾರದು. ಹಗ್ಗದ ತುದಿಯಲ್ಲಿ ಒಬ್ಬರು ಜೋತಾಡುತ್ತಿರುತ್ತಾರೆ. ಸ್ಥಾನವನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಮೆಲ್ಲಗೆ ಬಿಟ್ಟುಕೊಟ್ಟು, ಒಡಲಿನ ವಾಲಿಕೆಯನ್ನು ಮಾತ್ರ ಸ್ಥಿರವಾಗಿ ಕಾಯುವ ಸರಳ ಕ್ರಮಕ್ಕೆ ಅದು ಇಳಿಯಬೇಕು. ಹಾಗೆ ಇಳಿದುದನ್ನು ಪೈಲಟನಿಗೆ ತಿಳಿಸಬೇಕು, ಯಾವ ಅಂಕಿಯನ್ನು ತಾನು ನಂಬುತ್ತಿಲ್ಲವೆಂಬುದನ್ನೂ ಕೂಡಿಯೇ. ಅಲ್ಲಿಂದ ಮುಂದೆ ಪಥನಿರ್ದೇಶನ ಬಾಗಿಲಲ್ಲಿ ಬಗ್ಗಿ ನೋಡುತ್ತಿರುವ ವಿಂಚ್ ನಿರ್ವಾಹಕನದು. ಅವನ ಕಣ್ಣು ಹರಿಯುವ ನೀರಿನ ಮೇಲಿರುವುದಿಲ್ಲ, ಮಾಳಿಗೆಯ ಅಂಚಿನ ಮೇಲಿರುತ್ತದೆ. ಎರಡು ಮೀಟರ್ ಮುಂದಕ್ಕೆ, ಒಂದು ಎಡಕ್ಕೆ, ಅಲ್ಲಿಯೇ ನಿಲ್ಲಲಿ ಎಂಬ ಅವನ ಮಾತಿನ ಮೇಲೆ ಪೈಲಟ್ ಹೆಲಿಕಾಪ್ಟರನ್ನು ನಿಲ್ಲಿಸುತ್ತಾನೆ.